ಫೋಟೋಗೆಂದು ಕಟ್ಟಿದ ಕೊಳ

ಬೆಂಗಳೂರಿನ ಹೊಸ ಮನೆಗಳ ಬಗ್ಗೆ ಬರೆಯುವವರಿಗೆ ಕೊಯ್ ಕೊಳ ಕಂಡರೆ ಎಲ್ಲಿಲ್ಲದ ಉಮೇದು. ನಡುಮನೆಯಲ್ಲಿ ಕಪ್ಪು ಗ್ರಾನೈಟಿನ ಒಂದು ಚೌಕ, ಒಂದೂವರೆ ಅಡಿ ನೀರು, ತಳದಲ್ಲಿ ಬಿಳಿ ನುಣುಪುಗಲ್ಲು, ಮೂಲೆಯಲ್ಲೊಂದು ಪುಟ್ಟ ಝರಿ, ಕೆಂಪು ಬಿಳುಪಿನ ಹತ್ತು ಹನ್ನೆರಡು ಮೀನು. ಇದನ್ನು ತೊಟ್ಟಿಮನೆಯ ಮರುಹುಟ್ಟು ಎಂದು ಹೊಗಳುವುದು ಈಗ ರೂಢಿಯಾಗಿಬಿಟ್ಟಿದೆ. ತೊಟ್ಟಿಮನೆಯ ಅಂಗಳ ಇದ್ದದ್ದು ಗಾಳಿ ಬೆಳಕಿಗೆ. ಬಿದ್ದ ಮಳೆನೀರು ನಿಲ್ಲದೆ ಹೊರಗೆ ಹರಿಯಲೆಂದೇ ಅದಕ್ಕೆ ಇಳಿಜಾರು ಕೊಡುತ್ತಿದ್ದರು. ಮೀನು ಸಾಕುವ ಹವ್ಯಾಸಕ್ಕೆ ಆ ಪರಂಪರೆಯನ್ನು ಸಾಕ್ಷಿಗೆ ಎಳೆದು ತರಬೇಕಾಗಿಲ್ಲ. ಕೊಳ ನೋಡಲು ಚೆಂದ, ಒಪ್ಪಿದೆ. ಮೀನು ಬದುಕುವ ಜಾಗವಾಗಿ ಮಾತ್ರ ಅದು ಕಳಪೆ.

ಆಳದ ವಿಷಯಕ್ಕೇ ಬರೋಣ. ಉಳಿದ ತಪ್ಪುಗಳಲ್ಲಿ ಹೆಚ್ಚಿನವು ಹುಟ್ಟುವುದು ಅಲ್ಲಿಂದಲೇ. ಎಂಟಡಿ ಉದ್ದ, ಐದಡಿ ಅಗಲ, ಒಂದೂವರೆ ಅಡಿ ಆಳ ಎಂದರೆ ಸುಮಾರು 1,700 ಲೀಟರ್ ನೀರು. ಅಂಗಡಿಯಿಂದ ತರುವಾಗ ಬೆರಳುದ್ದ ಇರುವ ಕೊಯ್, ಚೆನ್ನಾಗಿ ಸಾಕಿದರೆ ಎರಡಡಿ ಬೆಳೆಯುವ ಕಾರ್ಪ್. ಬೆಳೆದ ಮೀನೊಂದಕ್ಕೆ ಸಾವಿರ ಲೀಟರ್ ಎಂಬುದು ಸಾಕಿ ಪಳಗಿದವರ ಸ್ಥೂಲ ಲೆಕ್ಕ. ಅದರಂತೆ ಈ ಕೊಳಕ್ಕೆ ಎರಡನೆಯ ಮೀನೇ ಹೆಚ್ಚು, ಬಿಟ್ಟಿರುವುದು ಹನ್ನೆರಡು! ಅದೇ ಜಾಗವನ್ನು ನಾಲ್ಕೂವರೆ ಅಡಿ ತೋಡಿದ್ದರೆ 5,100 ಲೀಟರ್ ಸಿಗುತ್ತಿತ್ತು. ನೀರು ಕಡಿಮೆಯಾದಷ್ಟೂ ಏಪ್ರಿಲ್ ಬಿಸಿಲಿಗೆ ಬೇಗ ಕಾಯುತ್ತದೆ, ಕಪ್ಪು ಕಲ್ಲು ಅದಕ್ಕೆ ಇನ್ನಷ್ಟು ಒತ್ತಾಸೆ. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ, ಮೀನಿಗೆ ಬೇಕಾಗುವ ಆಮ್ಲಜನಕ ಮಾತ್ರ ಏರುತ್ತದೆ. ಮೇಲಾಗಿ ಮೊಣಕಾಲುದ್ದದ ನೀರಿಗೆ ಕೊಕ್ಕರೆ ಆರಾಮವಾಗಿ ಇಳಿದು ನಿಲ್ಲುತ್ತದೆ.

ಆಳವಾದರೆ ಮೀನು ಕಾಣುವುದಿಲ್ಲವಲ್ಲ ಎನ್ನುತ್ತಾರೆ ವಿನ್ಯಾಸಕಾರರು. ಜಪಾನಿನ ನೀಗಾತಾ ಬೆಟ್ಟಗಳ ರೈತರು ಈ ಮೀನನ್ನು ತಳಿ ಮಾಡಿದ್ದೇ ಮೇಲಿನಿಂದ ನೋಡಲಿಕ್ಕೆ. ಬೆನ್ನಿನ ಬಣ್ಣದ ಹಂಚಿಕೆಯೇ ಅದರ ಬೆಲೆ. ನೀರು ತಿಳಿಯಾಗಿದ್ದರೆ ಐದಡಿ ಕೆಳಗಿದ್ದರೂ ಆ ಕೆಂಪು ಕಣ್ಣಿಗೆ ಹೊಡೆಯುತ್ತದೆ. ಮಕ್ಕಳು ಬಿದ್ದಾರೆಂಬ ಭಯ ನಿಜವಾದದ್ದು, ತಳ್ಳಿಹಾಕುವ ಮಾತಲ್ಲ. ಎರಡೂವರೆ ಅಡಿ ತೋಡಿ, ಎರಡಡಿ ಮೇಲಕ್ಕೆ ಜಗಲಿಯಂತೆ ಕಟ್ಟೆ ಏರಿಸಿ, ಮೇಲೆ ಗಟ್ಟಿ ಜಾಲರಿ ಹಾಕಿದರೆ ಅದಕ್ಕೂ ಪರಿಹಾರವಿದೆ. ಆದರೆ ಕಟ್ಟೆ ಬಂದರೆ ನೆಲಮಟ್ಟದ ಕನ್ನಡಿಯಂಥ ಆ ನೋಟ ಹೋಗುತ್ತದೆ. ಅಸಲಿ ತಕರಾರು ಅದೇ.

ಇನ್ನು ಆ ನುಣುಪುಗಲ್ಲು. ಕೊಯ್ ತಳವನ್ನು ಕೆದಕಿ ತಿನ್ನುವ ಮೀನು, ಹೊಟ್ಟೆಯ ಚೀಲವೇ ಇಲ್ಲದ್ದರಿಂದ ಸದಾ ಮೇಯುತ್ತಿರುತ್ತದೆ, ಸದಾ ಹೊಲಸು ಮಾಡುತ್ತದೆ. ಆ ಹೊಲಸು ಕಲ್ಲಿನ ಸಂದಿಗೆ ಸೇರಿ ಅಲ್ಲೇ ಕೊಳೆಯುತ್ತದೆ. ಕೆರೆ ಕಟ್ಟುತ್ತಿದ್ದ ನಮ್ಮ ಹಿರಿಯರು ಕೋಡಿಯ ಜೊತೆ ತೂಬನ್ನೂ ಇಡುತ್ತಿದ್ದರು. ಈ ಕೊಳಗಳಲ್ಲಿ ಹೆಚ್ಚಿನವಕ್ಕೆ ಇರುವುದು ಕೋಡಿ ಮಾತ್ರ. ತಳದಿಂದ ಕೊಳೆ ಎಳೆಯುವ ತೂಬು ನಕ್ಷೆಯಲ್ಲೇ ಇರುವುದಿಲ್ಲ, ಗಾರೆ ಮುಗಿದ ಮೇಲೆ ಸೇರಿಸಲೂ ಆಗುವುದಿಲ್ಲ. ಸಾಲದ್ದಕ್ಕೆ ಗಾರೆ ಹಸಿಯಿರುವಾಗಲೇ ಗೃಹಪ್ರವೇಶಕ್ಕೆಂದು ಮೀನು ತಂದು ಬಿಡುತ್ತಾರೆ. ಹೊಸ ಸಿಮೆಂಟು ಸುಣ್ಣ ಬಿಟ್ಟು ನೀರಿನ ಪಿಎಚ್ ಏರಿಸುತ್ತದೆ. ಪಿಎಚ್ 7 ಇದ್ದಾಗ ನೀರಿನ ಅಮೋನಿಯದಲ್ಲಿ ವಿಷರೂಪದ್ದು ಶೇಕಡಾ ಒಂದಕ್ಕೂ ಕಡಿಮೆ. 9 ಆದರೆ ಮೂರನೇ ಒಂದು ಪಾಲು. ಅದನ್ನು ತಿಂದು ಅರಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಲ್ಲಿ ನೀರನ್ನು ಕ್ಲೋರಿನ್ ತೆಗೆಯದೆ ತುಂಬಿಸಿದರೆ ಆ ಬ್ಯಾಕ್ಟೀರಿಯಾಕ್ಕೂ ಕುತ್ತು, ಮೀನಿನ ಕಿವಿರಿಗೂ ಕುತ್ತು. ವಾರದೊಳಗೆ ಮೀನು ತೇಲಿದರೆ ದೃಷ್ಟಿ ತಾಗಿತು ಎಂದು ಹೊಸ ಮೀನು ತರುತ್ತಾರೆ.

ಇಷ್ಟು ಹೇಳಿದರೆ ಒಂದು ಗುಂಪು ಮೈಮೇಲೆ ಬೀಳುತ್ತದೆ. ಪ್ರಕೃತಿ ತಾನೇ ಸಮತೋಲ ಕಾಯುತ್ತದೆ, ಫಿಲ್ಟರು ಪಂಪು ಯಾಕೆ, ನಾಲ್ಕು ತಾವರೆ ನೆಡಿ ಸಾಕು ಎಂದು ಬರೆಯುವವರ ಗುಂಪು. ವಿನ್ಯಾಸಕಾರರಿಗಿಂತ ಇವರ ಮೇಲೆಯೇ ನನಗೆ ಸಿಟ್ಟು. ಅವರದು ಚೆಂದದ ಹುಚ್ಚು, ಇವರದು ಧರ್ಮದ ಠೀವಿ. ನೀಗಾತಾದ ಯಾಮಾಕೋಶಿಯ ಮಣ್ಣಿನ ಹೊಂಡಗಳಿಗೆ ಯಾವ ಫಿಲ್ಟರಿದೆ ಎಂಬುದು ಇವರ ಬ್ರಹ್ಮಾಸ್ತ್ರ. ನಿಜ. ಆದರೆ ಅಲ್ಲಿ ಬೆಟ್ಟದ ಗದ್ದೆಯಷ್ಟಗಲದ ಹೊಂಡಕ್ಕೆ ಅಳೆದು ಸುರಿದು ಮೀನು ಬಿಡುತ್ತಾರೆ, ಹೊಂಡದ ಮಣ್ಣೇ ದೊಡ್ಡ ಫಿಲ್ಟರು. ಶರತ್ಕಾಲದಲ್ಲಿ ನೀರು ಬಸಿದು ಮೀನು ಹಿಡಿದು, ಚಳಿಗಾಲಕ್ಕೆ ಒಳಗಿನ ತೊಟ್ಟಿಗೆ ಸಾಗಿಸುತ್ತಾರೆ. ಆ ಒಳತೊಟ್ಟಿಗೆ ಫಿಲ್ಟರು ಬೇಕೇಬೇಕು. ಅರ್ಧ ವರ್ಷದ ಕಥೆ ಹೇಳಿ ಉಳಿದರ್ಧವನ್ನು ನುಂಗಿಬಿಟ್ಟರೆ ಅದು ವಾದವಲ್ಲ. ಇನ್ನು ತಾವರೆ: ಕೊಯ್ ಅದರ ಬೇರನ್ನೇ ಕಿತ್ತು ತಿನ್ನುತ್ತದೆ. ಉಳಿದ ಗಿಡ, ಪಾಚಿ ರಾತ್ರಿ ತಾವೂ ಆಮ್ಲಜನಕ ಎಳೆಯುತ್ತವೆ. ಒತ್ತೊತ್ತಾಗಿ ಮೀನಿರುವ ಕೊಳಗಳಲ್ಲಿ ಸಾವು ಬೆಳಗಿನ ಜಾವ ಸಂಭವಿಸುವುದು ಅದಕ್ಕೇ. ಈಶಾನ್ಯ ಮೂಲೆಯೇ ಆಗಬೇಕು ಎನ್ನುವ ವಾಸ್ತುವಿನವರ ಜೊತೆ ನನಗೆ ಜಗಳವಿಲ್ಲ. ಅಲ್ಲಿ ಮಧ್ಯಾಹ್ನದ ನಂತರ ನೆರಳಿದ್ದು, ಎಲೆ ಉದುರಿಸುವ ಮರ ಇಲ್ಲದಿದ್ದರೆ ಮೀನಿಗೂ ಆದೀತು.

ಐದು ಸಾವಿರ ಲೀಟರಿಗೆ ಜಾಗವೂ ದುಡ್ಡೂ ಇಲ್ಲದವರು ಕೊಯ್ ತರಬಾರದು, ಅಷ್ಟೆ. ಮುನ್ನೂರು ನಾನೂರು ಲೀಟರಿನ ಕಲ್ಲುತೊಟ್ಟಿಯಲ್ಲಿ ಜೀಬ್ರಾ ಡ್ಯಾನಿಯೊ, ರೋಸಿ ಬಾರ್ಬ್‌ನಂಥ ನಮ್ಮ ದೇಶದ್ದೇ ಪುಟ್ಟ ಮೀನು ಸುಖವಾಗಿರುತ್ತವೆ, ಸೊಳ್ಳೆಯ ಮರಿಗಳನ್ನೂ ತಿನ್ನುತ್ತವೆ. ಬೆಳೆದು ಜಾಗ ಸಾಲದಾದ ಕೊಯ್‌ಗಳನ್ನು ಪಕ್ಕದ ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಂಡೆವು ಎನ್ನುವವರಿದ್ದಾರೆ. ಕಾಶ್ಮೀರದ ದಾಲ್ ಸರೋವರದಲ್ಲಿ ಅಲ್ಲಿನದೇ ಸ್ಕಿಜೊಥೊರಾಕ್ಸ್ ಮೀನುಗಳು ಕುಗ್ಗಿದ್ದಕ್ಕೆ ಹೊರಗಿನಿಂದ ತಂದು ಬಿಟ್ಟ ಕಾಮನ್ ಕಾರ್ಪ್ ಒಂದು ಕಾರಣ. ಕೊಯ್ ಆ ಕಾರ್ಪಿನ ದಾಯಾದಿ, ಕೆರೆಯ ತಳ ಕೆದಕಿ ನೀರನ್ನು ಬಗ್ಗಡ ಮಾಡುವುದರಲ್ಲಿ ಅದಕ್ಕೇನೂ ಕಡಿಮೆಯಲ್ಲ. ದೊಡ್ಡದಾದ ಮೇಲೆ ವಾಪಸು ತೆಗೆದುಕೊಳ್ಳುತ್ತೀರಾ ಎಂದು ಅಂಗಡಿಯವರನ್ನು ಮೀನು ಕೊಳ್ಳುವ ದಿನವೇ ಕೇಳಬೇಕು.