ಜಾವೆಲಿನ್ ಓವೇರಿಯನ್ 200: ಒಂದು ಚಿಕಿತ್ಸಾ ಪ್ರಯೋಗದ ವಿಮರ್ಶೆ

ಅಂಡಾಶಯದ ಕ್ಯಾನ್ಸರಿಗೆ ಕಾರ್ಬೋಪ್ಲಾಟಿನ್‌ನಂತಹ ಪ್ಲಾಟಿನಂ ಔಷಧಗಳೇ ಮೊದಲ ಆಸರೆ. ಆ ಚಿಕಿತ್ಸೆ ಮುಗಿದ ಆರು ತಿಂಗಳೊಳಗೆ ಮರುಕಳಿಸುವ ರೋಗವನ್ನು ಪ್ಲಾಟಿನಂ-ನಿರೋಧಕವೆಂದೂ, ಚಿಕಿತ್ಸೆಯ ನಡುವೆಯೇ ಬೆಳೆಯುವುದನ್ನು ಪ್ಲಾಟಿನಂಗೆ ಜಗ್ಗದ ರೋಗವೆಂದೂ ವೈದ್ಯರು ಗುರುತಿಸುತ್ತಾರೆ. ಇಂತಹ 566 ಮಹಿಳೆಯರ ಮೇಲೆ ನಡೆದು 2021ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ಯಲ್ಲಿ ಪ್ರಕಟವಾದ ಈ ಪ್ರಯೋಗವು, ಕಿಮೋಥೆರಪಿಯೊಡನೆ ಇಮ್ಯುನೋಥೆರಪಿಯನ್ನು ಕೂಡಿಸಿದರೆ ಗುಣ ಹೆಚ್ಚೀತೇ ಎಂಬುದನ್ನು ರೂಢಿಯ ಚಿಕಿತ್ಸೆಗೆ ಎದುರಾಗಿಟ್ಟು ಪರೀಕ್ಷಿಸಿತು.

ಅದರ ತರ್ಕದಲ್ಲಿ ಹುರುಳಿತ್ತು. ಗಡ್ಡೆಯ ಕೋಶಗಳು ಪಿಡಿ-ಎಲ್1 ಎಂಬ ಪ್ರೋಟೀನನ್ನು ಮುಂದೊಡ್ಡಿ, ತಮ್ಮನ್ನು ಕೊಲ್ಲಬೇಕಾದ ಟಿ ಕೋಶಗಳ ಕೈ ಕಟ್ಟಿಹಾಕುತ್ತವೆ. ಅವೆಲುಮಾಬ್ ಎಂಬ ಪ್ರತಿಕಾಯ ಆ ಕಟ್ಟನ್ನು ಬಿಡಿಸಿದರೆ, ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ ತುಂಬಿದ ಡಾಕ್ಸೊರುಬಿಸಿನ್ ಎಂಬ ಕಿಮೋಥೆರಪಿ ಔಷಧ ಗಡ್ಡೆಯ ಕೋಶಗಳನ್ನು ಒಡೆದು ಅವುಗಳ ಗುರುತನ್ನು ಟಿ ಕೋಶಗಳಿಗೆ ತೋರಿಸಿಕೊಡಬೇಕೆಂಬುದು ನಿರೀಕ್ಷೆ. ಆದರೆ ರೋಗ ಉಲ್ಬಣಿಸದೆ ಉಳಿದ ಅವಧಿಯ ಮಧ್ಯಾಂಕ ಡಾಕ್ಸೊರುಬಿಸಿನ್ ಒಂದನ್ನೇ ಪಡೆದವರಲ್ಲಿ 3.5 ತಿಂಗಳಿದ್ದರೆ, ಎರಡನ್ನೂ ಪಡೆದವರಲ್ಲಿ 3.7 ತಿಂಗಳಷ್ಟೇ ಆಯಿತು. ಬದುಕುಳಿದ ಅವಧಿ 13.1ರಿಂದ 15.7 ತಿಂಗಳಿಗೆ ಏರಿದಂತೆ ಕಂಡರೂ ಸಂಖ್ಯಾಶಾಸ್ತ್ರದ ಒರೆಗಲ್ಲಿನಲ್ಲಿ ಅದು ನಿಲ್ಲಲಿಲ್ಲ. ಈ ಅಲ್ಪ ಫಲಕ್ಕೆ ತೆತ್ತ ಬೆಲೆಯನ್ನೂ ನೋಡಬೇಕು: ಡಾಕ್ಸೊರುಬಿಸಿನ್ನಿನ ಕೆಂಪು ದ್ರವ ನಾಲ್ಕು ವಾರಕ್ಕೊಮ್ಮೆ ರಕ್ತನಾಳಕ್ಕಿಳಿಯುತ್ತದೆ, ಅಂಗೈ ಅಂಗಾಲುಗಳು ಕೆಂಪಾಗಿ ಉರಿದು ಸಿಪ್ಪೆ ಸುಲಿಯುವುದುಂಟು, ಅವೆಲುಮಾಬ್ ಸೇರಿದರೆ ಎರಡು ವಾರಕ್ಕೊಮ್ಮೆ ಆಸ್ಪತ್ರೆಗೆ ಬರಬೇಕು.

ಪಿಡಿ-ಎಲ್1 ಇದೆಯೋ ಇಲ್ಲವೋ ಎಂಬುದನ್ನು ಲೆಕ್ಕಿಸದೆ, ಪ್ಲಾಟಿನಂಗೆ ಜಗ್ಗದ ಅತಿ ಕಠಿಣ ರೋಗಿಗಳನ್ನೂ ಸೇರಿಸಿಕೊಂಡದ್ದರಿಂದ, ಇದ್ದಿರಬಹುದಾದ ಫಲವೂ ಸರಾಸರಿಯಲ್ಲಿ ಕರಗಿಹೋಗಿರುವ ಸಾಧ್ಯತೆಯಿದೆ. 2025ರಲ್ಲಿ ಫಲಿತಾಂಶ ನೀಡಿದ ಕೀನೋಟ್-ಬಿ96 ಪ್ರಯೋಗವು ಈ ಅನುಮಾನಕ್ಕೆ ಬಲ ಕೊಡುತ್ತದೆ. ಅಲ್ಲಿ ಟಿ ಕೋಶಗಳ ಕಟ್ಟನ್ನೇ ಬಿಡಿಸುವ ಮತ್ತೊಂದು ಪ್ರತಿಕಾಯವಾದ ಪೆಂಬ್ರೊಲಿಝುಮಾಬನ್ನು ವಾರವಾರದ ಕಿಮೋಥೆರಪಿ ಔಷಧ ಪ್ಯಾಕ್ಲಿಟಾಕ್ಸೆಲ್‌ನೊಂದಿಗೆ, ಕೆಲವರಿಗೆ ಗಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಬೆವಾಸಿಝುಮಾಬನ್ನೂ ಸೇರಿಸಿ ಕೊಟ್ಟಾಗ, ಪಿಡಿ-ಎಲ್1 ಇದ್ದವರ ಬದುಕಿನ ಮಧ್ಯಾಂಕ 14.0ರಿಂದ 18.2 ತಿಂಗಳಿಗೆ ಏರಿತು. ಎರಡೂ ಪ್ರಯೋಗಗಳ ರೋಗಿಗಳು ಬೇರೆಯಾದ್ದರಿಂದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ತೂಗಲಾಗದು. ಆದರೂ ಜೊತೆಯ ಔಷಧ ಯಾವುದು, ರೋಗಿ ಯಾರು ಎಂಬುದು ಗೌಣವಲ್ಲವೆಂಬುದಂತೂ ಸ್ಪಷ್ಟ.

ಸೋಲನ್ನು ಮುಚ್ಚಿಡದೆ ಪ್ರಕಟಿಸಿದ್ದು ಜಾವೆಲಿನ್‌ನ ದೊಡ್ಡ ಗುಣ. ಆದರೆ ಅದರ ಮೂರನೆಯ ಗುಂಪನ್ನು ಒಪ್ಪುವುದು ಕಷ್ಟ: ಆರಂಭಿಕ ಅಧ್ಯಯನದಲ್ಲಿ ಹತ್ತರಲ್ಲಿ ಒಬ್ಬರಿಗಷ್ಟೇ ಗಡ್ಡೆ ಕುಗ್ಗಿಸಿದ್ದ ಅವೆಲುಮಾಬನ್ನು 188 ಮಹಿಳೆಯರಿಗೆ ಕಿಮೋಥೆರಪಿಯ ನೆರವಿಲ್ಲದೆ ಕೊಡಲು ನಿಗದಿಪಡಿಸಲಾಯಿತು, ಮತ್ತು ಅವರಲ್ಲಿ ರೋಗ ಹತೋಟಿಯಲ್ಲಿದ್ದ ಅವಧಿಯ ಮಧ್ಯಾಂಕ 1.9 ತಿಂಗಳು ಮಾತ್ರ.