ಪೆಟ್ಟು ತಿಂದ ಚಾಲಕ ಮರಳಿ ಬಂದಾಗ ರೇಸ್ ನೋಡುವ ಬಗೆ

ಫಾರ್ಮುಲಾ ಒನ್ ರೇಸಿಗೆ ಹೊಸದಾಗಿ ಮನಸೋತವರು ಭಾನುವಾರ ಟೀವಿ ಮುಂದೆ ಕೂರುತ್ತಾರೆ, ಯಾರು ಗೆದ್ದರು ಎಂದು ನೋಡಿ ಏಳುತ್ತಾರೆ. ಸಾಧಾರಣ ರೇಸಿಗೆ ಅಷ್ಟು ಸಾಕಾದೀತು. ಆದರೆ ಮೂಳೆ ಮುರಿದುಕೊಂಡೋ ಮೈ ಸುಟ್ಟುಕೊಂಡೋ ಮಲಗಿದ್ದ ಚಾಲಕ ಮತ್ತೆ ಕಾರು ಹತ್ತುವ ವಾರ ಮಾತ್ರ ಈ ರೂಢಿ ಬಿಡುವುದು ಮೇಲು. ಆ ವಾರ ನೋಡಬೇಕಾದದ್ದರಲ್ಲಿ ಅರ್ಧಕ್ಕೂ ಹೆಚ್ಚು ಶುಕ್ರವಾರ, ಶನಿವಾರವೇ ನಡೆದುಹೋಗಿರುತ್ತದೆ. ಉಳಿದದ್ದು ಭಾನುವಾರ ನಡೆದರೂ ಫಲಿತಾಂಶದ ಪಟ್ಟಿಯಲ್ಲಿ ಸುಲಭಕ್ಕೆ ಕಾಣಿಸದು.

ಮೊದಲು ಕೈಯಲ್ಲೊಂದು ಅಳತೆಗೋಲು ಇರಲಿ. ಇಂದಿನ ಫಾರ್ಮುಲಾ ಒನ್‌ನಲ್ಲಿ ಪ್ರತಿ ತಂಡಕ್ಕೂ ಎರಡು ಕಾರು, ಇಬ್ಬರು ಚಾಲಕರು. ಹತ್ತನೆಯವನಾಗಿ ಬಂದವನು ಚೆನ್ನಾಗಿ ಓಡಿಸಿದನೋ ಕೆಟ್ಟದಾಗಿ ಓಡಿಸಿದನೋ ಎಂಬುದನ್ನು ಹತ್ತು ಎಂಬ ಅಂಕಿ ಹೇಳಲಾರದು, ಕಾರೇ ಅಷ್ಟರದ್ದಿರಬಹುದು. ಹೆಚ್ಚುಕಡಿಮೆ ಅದೇ ಕಾರನ್ನು ಅದೇ ದಿನ ಓಡಿಸಿದ ಜೊತೆ ಚಾಲಕನ ಸಮಯದ ಪಕ್ಕದಲ್ಲಿ ಇವನ ಸಮಯ ಇಟ್ಟು ನೋಡಿದರೆ ಸತ್ಯದ ಹತ್ತಿರಕ್ಕೆ ಬರಬಹುದು. ಗಾಯದಿಂದ ಎದ್ದು ಬಂದವನ ವಿಷಯದಲ್ಲಂತೂ ಇದಕ್ಕಿಂತ ಒಳ್ಳೆಯ ಅಳತೆ ಇಲ್ಲ. ಈ ಅಳತೆ ಕೈಕೊಡುವ ಸಂದರ್ಭಗಳೂ ಇವೆ, ಅವು ಆಮೇಲೆ.

ಎರಡನೆಯದಾಗಿ, ದೇಹದ ಲೆಕ್ಕ. ಕಾರು ಕೂತು ಓಡಿಸುವಂಥದ್ದು, ಅದರಲ್ಲಿ ಮೈಗೇನು ಶ್ರಮ ಎಂದು ಕೇಳುವವರು ಇನ್ನೂ ಇದ್ದಾರೆ. ವೇಗದ ತಿರುವಿನಲ್ಲಿ ಚಾಲಕನ ಮೇಲೆ ಭೂಮಿಯ ಸೆಳೆತದ ನಾಲ್ಕೈದು ಪಟ್ಟು ಬಲ ಪಕ್ಕದಿಂದ ಬೀಳುತ್ತದೆ. ತಲೆಯೂ ಹೆಲ್ಮೆಟ್ಟೂ ಸೇರಿ ಆರೇಳು ಕಿಲೋ; ತಿರುವಿನಲ್ಲಿ ಅದೇ ಮೂವತ್ತು ಕಿಲೋ ಆಗುತ್ತದೆ, ಹೊರುವುದು ಕತ್ತು. ಬ್ರೇಕ್ ಪೆಡಲನ್ನು ನೂರು ಕಿಲೋಗೂ ಮಿಕ್ಕಿದ ಬಲದಿಂದ ತುಳಿಯಬೇಕು, ಅದೂ ಒಂದೊಂದು ಸುತ್ತಿನಲ್ಲಿ ಹಲವು ಬಾರಿ. ಹಾಗಾಗಿ ಗಾಯ ಎಲ್ಲಿ ಎಂದು ತಿಳಿದರೆ ಕಣ್ಣು ಎಲ್ಲಿಡಬೇಕೆಂದೂ ತಿಳಿಯುತ್ತದೆ. ಮಣಿಕಟ್ಟು ಮುರಿದಿದ್ದರೆ ಉಬ್ಬುಗಲ್ಲಿನ ಮೇಲೆ ಚಕ್ರ ಹತ್ತುವ ಗಳಿಗೆ, ಕಾಲು ಮುರಿದಿದ್ದರೆ ಉದ್ದನೆಯ ನೇರ ಹಾದಿ ಮುಗಿದು ಬ್ರೇಕ್ ಹಿಡಿಯುವ ಜಾಗ, ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿದ್ದರೆ ಸೊಂಟವನ್ನು ಬಿಗಿದ ಬೆಲ್ಟು. ಗಂಟಲು ಕೆಟ್ಟು ಸುಧಾರಿಸಿಕೊಂಡ ಗಾಯಕ ಮೊದಲ ಕಛೇರಿಯಲ್ಲಿ ತಾರಸ್ಥಾಯಿಗೆ ಯಾವಾಗ ಹೋಗುತ್ತಾನೆ, ಎಷ್ಟು ಹೊತ್ತು ನಿಲ್ಲುತ್ತಾನೆ ಎಂದು ಬಲ್ಲವರು ಕಾದು ಕೇಳುವ ಹಾಗೆಯೇ ಇದನ್ನೂ ನೋಡಬೇಕು.

ಇನ್ನು ಶುಕ್ರವಾರ. ಶುಕ್ರವಾರದ ಅಭ್ಯಾಸವನ್ನು ಯಾಕೆ ನೋಡಬೇಕು ಎಂಬುದಕ್ಕೆ 1976ರ ಇಟಲಿ ಗ್ರ್ಯಾನ್ ಪ್ರಿಗಿಂತ ದೊಡ್ಡ ಪಾಠ ಸಿಕ್ಕದು.

ಆ ವರ್ಷ ಆಗಸ್ಟ್ 1ರಂದು ಜರ್ಮನಿಯ ನ್ಯೂರ್‌ಬುರ್ಗ್‌ರಿಂಗ್‌ನಲ್ಲಿ, ಕಾಡು ಗುಡ್ಡಗಳ ನಡುವೆ ಇಪ್ಪತ್ತೆರಡು ಕಿಲೋಮೀಟರಿಗೂ ಉದ್ದವಿದ್ದ ಹಳೆಯ ಟ್ರ್ಯಾಕಿನ ಎರಡನೇ ಸುತ್ತಿನಲ್ಲಿ, ಆಸ್ಟ್ರಿಯಾದ ನಿಕಿ ಲೌಡಾ ಅವರ ಫೆರಾರಿ ಹಾದಿ ತಪ್ಪಿ ದಿಬ್ಬಕ್ಕೆ ಬಡಿದು ಬೆಂಕಿ ಹೊತ್ತಿಕೊಂಡಿತು. ಹಿಂದೆ ಬಂದ ಬ್ರೆಟ್ ಲಂಗರ್ ಅವರ ಕಾರು ಅದಕ್ಕೇ ಗುದ್ದಿತು. ಲೌಡಾ ಅವರ ಹೆಲ್ಮೆಟ್ ಕಳಚಿ ಹೋಗಿತ್ತು. ಅವರನ್ನು ಉರಿಯಿಂದ ಎಳೆದವರು ರಕ್ಷಣಾ ಸಿಬ್ಬಂದಿಯಲ್ಲ, ಜೊತೆಯ ಚಾಲಕರು: ಆರ್ತುರೋ ಮೆರ್ಜಾರಿಯೊ, ಗೈ ಎಡ್ವರ್ಡ್ಸ್, ಹರಾಲ್ಡ್ ಎರ್ಟ್ಲ್ ಮತ್ತು ಲಂಗರ್. ತಲೆ, ಮುಖ ಸುಟ್ಟದ್ದಕ್ಕಿಂತ ಒಳಗೆ ಎಳೆದುಕೊಂಡ ವಿಷದ ಹೊಗೆಯೇ ಹೆಚ್ಚು ಅಪಾಯ ತಂದಿತ್ತು. ಆಸ್ಪತ್ರೆಯಲ್ಲಿ ಪಾದ್ರಿಯೊಬ್ಬರು ಬಂದು ಅಂತಿಮ ವಿಧಿಯನ್ನೂ ನಡೆಸಿ ಹೋದರು.

ಆರೇ ವಾರಕ್ಕೆ, ಸೆಪ್ಟೆಂಬರ್ 12ರ ರೇಸಿಗೆ, ಅವರು ಇಟಲಿಯ ಮೊಂಜಾಕ್ಕೆ ಬಂದರು. ಸುಟ್ಟ ಗಾಯ ಪೂರ್ತಿ ಮಾಯ್ದಿರಲಿಲ್ಲ. ಬ್ಯಾಂಡೇಜಿನ ಮೇಲೆ ಕೂರುವಂತೆ ವಿಶೇಷ ಹೆಲ್ಮೆಟ್ ಮಾಡಿಸಬೇಕಾಯಿತು. ಅವರು ತಪ್ಪಿಸಿಕೊಂಡದ್ದು ಎರಡೇ ರೇಸು, ಆಸ್ಟ್ರಿಯಾದ್ದು ಮತ್ತು ಹಾಲೆಂಡಿನದ್ದು. ಅಷ್ಟರಲ್ಲಿ ಎದುರಾಳಿ ಜೇಮ್ಸ್ ಹಂಟ್ ಹಾಲೆಂಡಿನಲ್ಲಿ ಗೆದ್ದು ಅಂಕಗಳ ಅಂತರ ಕಡಿಮೆ ಮಾಡಿಕೊಂಡಿದ್ದರು. ಫೆರಾರಿಯೋ, ಲೌಡಾ ಮರಳುವುದಿಲ್ಲವೆಂದೇ ಎಣಿಸಿ ಅರ್ಜೆಂಟೀನಾದ ಕಾರ್ಲೋಸ್ ರಾಯ್ಟೆಮಾನ್ ಅವರನ್ನು ಕರೆಸಿಕೊಂಡಿತ್ತು. ಕೊನೆಗೆ ಕ್ಲೇ ರೆಗಜ್ಜೋನಿಯೂ ಸೇರಿ ಮೂರು ಫೆರಾರಿಗಳು ಕಣಕ್ಕಿಳಿದವು. ರಸಿಕರ ಪಾಲಿಗೆ ಇದೊಂದು ಅನುಕೂಲ: ಅಳತೆಗೋಲು ಒಂದಲ್ಲ, ಎರಡು.

ಶುಕ್ರವಾರ ಮೊಂಜಾದಲ್ಲಿ ಮಳೆ. ಆ ದಿನ ಕಾರಿನಲ್ಲಿ ಕೂತಾಗ ಭಯದಿಂದ ಮೈ ಬಿಗಿದುಹೋಯಿತು ಎಂದು ಲೌಡಾ ಮುಂದೆ ತಾವೇ ಬರೆದುಕೊಂಡಿದ್ದಾರೆ. ಅಂದು ಅವರನ್ನು ನೋಡಿದವರು ಇನ್ನು ಮುಗಿಯಿತು ಎಂದುಕೊಂಡಿದ್ದರೆ ತಪ್ಪಿರಲಿಲ್ಲ. ಮರುದಿನ ಅವರು ಮಾಡಿದ್ದು ಬಹಳ ಸರಳ. ವೇಗದ ಗೊಡವೆ ಬಿಟ್ಟು, ಯಾರಿಗೂ ಏನನ್ನೂ ತೋರಿಸಬೇಕಿಲ್ಲ ಎಂಬಂತೆ ನಿಧಾನವಾಗಿ ಶುರು ಮಾಡಿ, ಸುತ್ತಿನಿಂದ ಸುತ್ತಿಗೆ ಸ್ವಲ್ಪ ಸ್ವಲ್ಪವೇ ಏರಿಸಿದರು. ಅರ್ಹತಾ ಸುತ್ತು ಮುಗಿದಾಗ ಐದನೆಯವರು. ರಾಯ್ಟೆಮಾನ್ ಏಳನೆಯವರು, ರೆಗಜ್ಜೋನಿ ಒಂಬತ್ತನೆಯವರು. ಭಾನುವಾರ ಹೊರಡುವಾಗಲೇ ಹಲವು ಸ್ಥಾನ ಕಳೆದುಕೊಂಡರೂ ಒಂದೊಂದೇ ಕಾರನ್ನು ದಾಟಿ ನಾಲ್ಕನೆಯವರಾಗಿ ಗುರಿ ಮುಟ್ಟಿದರು. ಗೆದ್ದವರು ಮಾರ್ಚ್ ಕಾರಿನ ರಾನಿ ಪೀಟರ್ಸನ್, ರೆಗಜ್ಜೋನಿ ಎರಡನೆಯವರು. ಆದರೂ ಆ ರೇಸಿನ ಮಾತು ಬಂದರೆ ಜನ ನೆನೆಯುವುದು ನಾಲ್ಕನೆಯ ಸ್ಥಾನವನ್ನು. ಈ ಲೇಖಕನ ಮಟ್ಟಿಗೆ ಅದಕ್ಕಿಂತಲೂ ದೊಡ್ಡದು ಶುಕ್ರವಾರಕ್ಕೂ ಶನಿವಾರಕ್ಕೂ ನಡುವಿನ ವ್ಯತ್ಯಾಸ. ಧೈರ್ಯ ಎಂದು ಎಲ್ಲರೂ ಹೊಗಳುವುದು ಅಲ್ಲಿ ಬರೀ ಹುಮ್ಮಸ್ಸಾಗಿರಲಿಲ್ಲ, ಹಂತ ಹಂತದ ಕೆಲಸವಾಗಿತ್ತು.

ಈಗಿನ ಚಾಲಕರಿಗೆ ಇಂಥ ನಿಧಾನದ ಅವಕಾಶ ಕಡಿಮೆ. ಋತುವಿನ ನಡುವೆ ಟ್ರ್ಯಾಕಿನ ಮೇಲೆ ಮನಬಂದಂತೆ ಪರೀಕ್ಷೆ ಓಡಿಸಲು ನಿಯಮ ಬಿಡುವುದಿಲ್ಲ. ವೈದ್ಯರ ಒಪ್ಪಿಗೆ ಬೇಕು, ಕಾಕ್‌ಪಿಟ್ಟಿನಿಂದ ಕೆಲವೇ ಸೆಕೆಂಡಿನಲ್ಲಿ ತಾನಾಗಿ ಹೊರಬರಬಲ್ಲೆ ಎಂದು ತೋರಿಸಬೇಕು. ಆಮೇಲೆ ಸಿಗುವುದು ಒಂದೊಂದು ಗಂಟೆಯ ಮೂರು ಅಭ್ಯಾಸ ಅವಧಿ. ಸ್ಪ್ರಿಂಟ್ ಎಂಬ ಚಿಕ್ಕ ರೇಸೂ ಇರುವ ವಾರವಾದರೆ ಒಂದೇ ಒಂದು. ಆದ್ದರಿಂದ ಮರಳುವ ರೇಸು ಸ್ಪ್ರಿಂಟ್ ವಾರದ್ದೋ ಅಲ್ಲವೋ ಎಂಬುದನ್ನು ಮೊದಲೇ ನೋಡಿಟ್ಟುಕೊಳ್ಳುವುದು ಜಾಣತನ.

2023ರ ಆಗಸ್ಟಿನಲ್ಲಿ ಹಾಲೆಂಡಿನ ಜಾಂಡ್‌ವೂರ್ಟ್‌ನಲ್ಲಿ ಅಭ್ಯಾಸದ ವೇಳೆ ಆಸ್ಟ್ರೇಲಿಯಾದ ಡೇನಿಯಲ್ ರಿಕಾರ್ಡೊ ಅವರ ಕಾರು ತಡೆಗೋಡೆಗೆ ಹೊಡೆಯಿತು. ಆ ಕ್ಷಣ ಸ್ಟೀರಿಂಗ್ ಬಿಡದೆ ಹಿಡಿದುಕೊಂಡಿದ್ದರಿಂದ ಎಡಗೈ ಮೂಳೆ ಮುರಿಯಿತು. ಐದು ರೇಸು ಬಿಟ್ಟು ಅಕ್ಟೋಬರಿನಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಮರಳಿದರು. ಅದು ಸ್ಪ್ರಿಂಟ್ ವಾರ. ಒಂದು ಗಂಟೆಯ ಅಭ್ಯಾಸ, ಹದಿನೈದನೇ ಸ್ಥಾನ. ಕೆಲವರು ಅಂದೇ ಕೈಚೆಲ್ಲಿದರು. ಮುಂದಿನ ವಾರ ಮೆಕ್ಸಿಕೋದಲ್ಲಿ ಮೂರೂ ಅಭ್ಯಾಸ ಸಿಕ್ಕವು. ಅರ್ಹತಾ ಸುತ್ತಿನಲ್ಲಿ ನಾಲ್ಕನೆಯವರು, ರೇಸಿನಲ್ಲಿ ಏಳನೆಯವರು. ಏಳು ದಿನದಲ್ಲಿ ಮೂಳೆ ಹೊಸದಾಗುವುದಿಲ್ಲ. ಕಾರು ಚುರುಕಾಗಿದ್ದುದೂ ಹೌದು, ಆದರೆ ಟ್ರ್ಯಾಕಿನ ಮೇಲೆ ಸಿಕ್ಕ ಹೊತ್ತನ್ನು ಈ ಲೆಕ್ಕದಿಂದ ಬಿಡುವಂತಿಲ್ಲ.

ಋತುಪೂರ್ವ ಪರೀಕ್ಷೆಯೇ ಇಲ್ಲದೆ ಬಂದವರೂ ಇದ್ದಾರೆ. ಅದೇ ವರ್ಷದ ಮೊದಲ ರೇಸಿಗೆ ಮುನ್ನ ಕೆನಡಾದ ಲ್ಯಾನ್ಸ್ ಸ್ಟ್ರೋಲ್ ಸ್ಪೇನಿನಲ್ಲಿ ಸೈಕಲ್ಲಿನಿಂದ ಬಿದ್ದು ಎರಡೂ ಮಣಿಕಟ್ಟುಗಳಿಗೆ, ಬಲಗಾಲಿನ ಹೆಬ್ಬೆರಳಿಗೆ ಪೆಟ್ಟು ಮಾಡಿಕೊಂಡರು. ಋತುಪೂರ್ವ ಪರೀಕ್ಷೆ ತಪ್ಪಿತು. ಶಸ್ತ್ರಚಿಕಿತ್ಸೆಯಾಗಿ ಎರಡು ವಾರ ಕಳೆಯುವ ಮುನ್ನ ಬಹರೇನ್‌ನಲ್ಲಿ ಕಾರು ಹತ್ತಿದರು. ಅವರದು ಆಸ್ಟನ್ ಮಾರ್ಟಿನ್ ತಂಡ. ಕನ್ನಡಿಗರು ಮರೆತಿರಲಾರರು: ವಿಜಯ್ ಮಲ್ಯ ನಡೆಸುತ್ತಿದ್ದ ಫೋರ್ಸ್ ಇಂಡಿಯಾ ತಂಡವೇ ಕೈ ಬದಲಾಯಿಸಿ, ಹೆಸರು ಬದಲಾಯಿಸಿ ಹೀಗಾದದ್ದು. ಮೊದಲ ಸುತ್ತಿನಲ್ಲೇ ಸ್ಟ್ರೋಲ್ ತಮ್ಮ ಜೊತೆ ಚಾಲಕ ಫರ್ನಾಂಡೊ ಅಲೊನ್ಸೊ ಅವರ ಕಾರಿಗೇ ತಾಗಿಸಿದರು. ಅದೃಷ್ಟಕ್ಕೆ ಇಬ್ಬರಿಗೂ ಏನೂ ಆಗಲಿಲ್ಲ. ಆರನೆಯವರಾಗಿ ಮುಗಿಸಿದರು, ಅಲೊನ್ಸೊ ಮೂರನೆಯವರು. ಸ್ಟ್ರೋಲ್ ಅವರನ್ನು ತಂಡದ ಒಡೆಯನ ಮಗ ಎಂದು ಹಗುರವಾಗಿ ಮಾತಾಡುವುದು ಅಭಿಮಾನಿಗಳಿಗೊಂದು ಚಾಳಿ. ಆ ಭಾನುವಾರದ ಮಟ್ಟಿಗೆ ಆ ಮಾತನ್ನು ನುಂಗಿಕೊಳ್ಳಲೇಬೇಕಾಯಿತು.

ಶನಿವಾರದ ಅರ್ಹತಾ ಸುತ್ತಿಗೂ ಭಾನುವಾರದ ರೇಸಿಗೂ ಬೇಕಾದ ಶಕ್ತಿ ಬೇರೆ ಬೇರೆ. ಒಂದು ಸುತ್ತಿಗೆ ನೋವು ನುಂಗಬಹುದು, ಐವತ್ತೋ ಅರವತ್ತೋ ಸುತ್ತಿಗೆ ಕಷ್ಟ. ಹೀಗಾಗಿ ಶನಿವಾರದ ಪೋಲ್, ಅಂದರೆ ಅರ್ಹತಾ ಸುತ್ತಿನ ಮೊದಲ ಸ್ಥಾನ, ಕಂಡು ಚಾಲಕ ಪೂರ್ತಿ ಗುಣವಾದ ಎನ್ನುವಂತಿಲ್ಲ. ಮೈಕೆಲ್ ಶೂಮಾಕರ್ ಈ ಮಾತಿಗೆ ಸೊಗಸಾದ ಅಪವಾದ. 1999ರ ಜುಲೈಯಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಬ್ರೇಕ್ ಕೈಕೊಟ್ಟು ಟೈರಿನ ಗೋಡೆಗೆ ಹೊಡೆದು ಬಲಗಾಲು ಮುರಿದುಕೊಂಡಿದ್ದರು. ಮೂರು ತಿಂಗಳ ಬಳಿಕ ಮಲೇಶಿಯಾದ ಸೆಪಾಂಗ್‌ನಲ್ಲಿ, ಆ ದೇಶದ ಮೊಟ್ಟಮೊದಲ ಗ್ರ್ಯಾನ್ ಪ್ರಿಯಲ್ಲಿ ಮರಳಿದರು, ಪೋಲ್ ಗಿಟ್ಟಿಸಿದರು. ಜೊತೆ ಚಾಲಕ ಎಡ್ಡಿ ಇರ್ವಿನ್ ಅವರಿಗಿಂತ ಸುಮಾರು ಒಂದು ಸೆಕೆಂಡ್ ಮುಂದೆ. ಈ ಆಟದಲ್ಲಿ ಒಂದು ಸೆಕೆಂಡ್ ಎಂದರೆ ಒಂದು ಯುಗ.

ಆದರೆ ಹೊಸಬರು ಕಲಿಯಬೇಕಾದದ್ದು ಅಂದಿನ ರೇಸಿನಿಂದ. ಇಬ್ಬರಲ್ಲಿ ಚಾಂಪಿಯನ್‌ಶಿಪ್ ಅವಕಾಶ ಇದ್ದದ್ದು ಇರ್ವಿನ್‌ಗೆ. ಶೂಮಾಕರ್ ಇರ್ವಿನ್‌ಗೆ ದಾರಿ ಬಿಟ್ಟುಕೊಟ್ಟರು, ಹಿಂದೆ ಬರುತ್ತಿದ್ದ ಪಟ್ಟದ ಎದುರಾಳಿ ಮಿಕಾ ಹಕಿನೆನ್ ಅವರನ್ನು ತಡೆದು ನಿಲ್ಲಿಸಿದರು. ಒಂದು ತಿರುವಿನಲ್ಲಿ ಬೇಗ ಬ್ರೇಕ್, ಇನ್ನೊಂದರಲ್ಲಿ ತಡವಾಗಿ ವೇಗ. ಹಕಿನೆನ್‌ಗೆ ಲಯವೇ ಸಿಗಲಿಲ್ಲ. ಇರ್ವಿನ್ ಮೊದಲು, ಶೂಮಾಕರ್ ಎರಡನೆಯವರು, ಹಕಿನೆನ್ ಮೂರನೆಯವರು. ಎರಡನೇ ಸ್ಥಾನದ ಓಟವೊಂದರಲ್ಲಿ ಇಷ್ಟು ಯಜಮಾನಿಕೆ ಕಂಡದ್ದು ಅಪರೂಪ. ಆ ಋತುವಿನ ಪಟ್ಟ ಕೊನೆಗೆ ಹಕಿನೆನ್ ಪಾಲಾಯಿತು. ಅವರೂ ಸಾವಿನ ಬಾಗಿಲಿನಿಂದ ಮರಳಿದವರೇ: 1995ರ ನವೆಂಬರಿನಲ್ಲಿ ಅಡಿಲೇಡ್‌ನಲ್ಲಿ ಟೈರ್ ಕೈಕೊಟ್ಟು ಗೋಡೆಗೆ ಬಡಿದಾಗ ಟ್ರ್ಯಾಕಿನ ಬದಿಯಲ್ಲೇ ಗಂಟಲು ಕೊಯ್ದು ಉಸಿರಾಟಕ್ಕೆ ದಾರಿ ಮಾಡಬೇಕಾಗಿತ್ತು. ಮುಂದಿನ ಮಾರ್ಚಿನಲ್ಲಿ ಮೆಲ್ಬರ್ನ್‌ನಲ್ಲಿ ಐದನೆಯವರಾಗಿ ಬಂದರು.

ಮರಳಿದವನ ಮೇಲೆ ಕ್ಯಾಮೆರಾ ನೆಟ್ಟಿರುವಾಗ ಇನ್ನೊಬ್ಬ ಕಣ್ಣಿಗೆ ಬೀಳದೆ ಹೋಗುತ್ತಾನೆ: ಅಷ್ಟು ದಿನ ಆ ಕಾರು ಓಡಿಸಿದ ಬದಲಿ. 1999ರಲ್ಲಿ ಶೂಮಾಕರ್ ಜಾಗದಲ್ಲಿದ್ದ ಮಿಕಾ ಸಾಲೊ ಹಾಕೆನ್‌ಹೈಮ್‌ನಲ್ಲಿ ಮುಂದಿದ್ದೂ ತಂಡದ ಮಾತಿಗೆ ಇರ್ವಿನ್‌ಗೆ ಗೆಲುವು ಬಿಟ್ಟುಕೊಟ್ಟರು. ರಿಕಾರ್ಡೊ ಬದಲಿಗೆ ಬಂದ ಲಿಯಮ್ ಲಾಸನ್ ಸಿಂಗಪುರದಲ್ಲಿ ಒಂಬತ್ತನೆಯವರಾದರು. 2024ರ ಮಾರ್ಚಿನಲ್ಲಿ ಕಾರ್ಲೋಸ್ ಸೈನ್ಸ್ ಅವರಿಗೆ ಜೆಡ್ಡಾದಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾದಾಗ ಹದಿನೆಂಟರ ಹುಡುಗ ಆಲಿವರ್ ಬೇರ್‌ಮನ್ ಫೆರಾರಿಯಲ್ಲಿ ಏಳನೆಯವನಾದ. ಬದಲಿ ಚೆನ್ನಾಗಿ ಓಡಿಸಿದಷ್ಟೂ ಹಾಸಿಗೆಯಲ್ಲಿರುವವನಿಗೆ ಅವಸರ ಹೆಚ್ಚುತ್ತದೆ, ಕೆಲವೊಮ್ಮೆ ಅಪಾಯವೂ. ಸೈನ್ಸ್ ಎರಡು ವಾರ ಬಿಟ್ಟು ಮೆಲ್ಬರ್ನ್‌ಗೆ ಬಂದರು, ಗೆದ್ದೇಬಿಟ್ಟರು. ಎದುರಾಳಿ ಮ್ಯಾಕ್ಸ್ ವರ್ಸ್ಟಾಪನ್ ಬ್ರೇಕ್ ಕೆಟ್ಟು ಬೇಗನೆ ಹೊರಬಿದ್ದದ್ದು ನೆರವಾಯಿತು ನಿಜ. ಆದರೆ ಜೊತೆ ಚಾಲಕ ಲೆಕ್ಲೇರ್ ಅರ್ಹತೆಯಲ್ಲೂ ರೇಸಿನಲ್ಲೂ ಅವರ ಹಿಂದೆಯೇ ಇದ್ದರು.

ಅಳತೆಗೋಲು ಕೈಕೊಡುವುದು ಎಲ್ಲಿ? ಮೊದಲನೆಯದು ಜಪಾನಿನ ಫ್ಯೂಜಿಯಲ್ಲಿ. 1976ರ ಅಕ್ಟೋಬರ್ 24, ಋತುವಿನ ಕೊನೆಯ ರೇಸು, ಹುಚ್ಚು ಮಳೆ. ಲೌಡಾ ಹಂಟ್‌ಗಿಂತ ಮೂರು ಅಂಕ ಮುಂದಿದ್ದರು. ಸುಟ್ಟ ರೆಪ್ಪೆಗಳಿಂದ ಕಣ್ಣು ಸರಿಯಾಗಿ ಮಿಟುಕಿಸಲಾಗುತ್ತಿರಲಿಲ್ಲ. ಎರಡು ಸುತ್ತಿನ ನಂತರ ಪಿಟ್‌ಗೆ ಬಂದು ಇಳಿದರು. ಎಂಜಿನ್ ಕೆಟ್ಟಿತೆಂದು ಹೇಳೋಣ ಎಂದು ತಂಡದ ಎಂಜಿನಿಯರ್ ಸೂಚಿಸಿದಾಗ ಬೇಡವೆಂದರು. ಹಂಟ್ ಮೂರನೆಯವರಾಗಿ ಬಂದು 69-68ರಲ್ಲಿ ಪಟ್ಟ ಗೆದ್ದರು. ಯಾವ ಸಮಯಪಟ್ಟಿಯೂ ಆ ನಿರ್ಧಾರವನ್ನು ಅಳೆಯದು. ಮುಂದಿನ ವರ್ಷ ಲೌಡಾ ಮತ್ತೆ ಚಾಂಪಿಯನ್ ಆದರು.

ಎರಡನೆಯದು ಪೋಲೆಂಡಿನ ರಾಬರ್ಟ್ ಕುಬಿಕಾ. 2011ರ ಫೆಬ್ರವರಿಯಲ್ಲಿ ಇಟಲಿಯ ರ್‍ಯಾಲಿಯೊಂದರಲ್ಲಿ ರಸ್ತೆಬದಿಯ ತಡೆಕಂಬಿ ಕಾರನ್ನು ಸೀಳಿ ಒಳಬಂದು ಅವರ ಬಲಗೈಯನ್ನು ಬಹುತೇಕ ತುಂಡರಿಸಿತ್ತು. 2019ರಲ್ಲಿ ವಿಲಿಯಮ್ಸ್ ತಂಡದಲ್ಲಿ ಫಾರ್ಮುಲಾ ಒನ್‌ಗೆ ಮರಳಿದಾಗ ಜೊತೆ ಚಾಲಕ ಜಾರ್ಜ್ ರಸೆಲ್ ಇಪ್ಪತ್ತೊಂದು ಅರ್ಹತಾ ಸುತ್ತಿನಲ್ಲಿ ಇಪ್ಪತ್ತೊಂದೂ ಬಾರಿ ಅವರನ್ನು ಹಿಂದಿಕ್ಕಿದರು. ಅಳತೆಗೋಲಿನ ತೀರ್ಪು ನಿರ್ದಯವಾಗಿತ್ತು. ಆದರೂ ಆ ವರ್ಷ ತಂಡಕ್ಕೆ ಸಿಕ್ಕ ಒಂದೇ ಒಂದು ಅಂಕ ತಂದವರು ಕುಬಿಕಾ, ಹಾಕೆನ್‌ಹೈಮ್‌ನ ಮಳೆಯಲ್ಲಿ. ಆಮೇಲೆ ಅವರು ದೀರ್ಘಾವಧಿಯ ರೇಸುಗಳತ್ತ ಹೊರಳಿದರು. ಅಲ್ಲಿ ಮೂವರು ಒಂದೇ ಕಾರನ್ನು ಸರದಿಯಲ್ಲಿ ಓಡಿಸುವುದರಿಂದ ಹೋಲಿಕೆ ಇನ್ನೂ ನೇರ. 2025ರ ಜೂನಿನಲ್ಲಿ ಲ ಮಾನ್‌ನ 24 ಗಂಟೆಗಳ ರೇಸನ್ನು ಅವರಿದ್ದ 83ನೇ ಸಂಖ್ಯೆಯ ಫೆರಾರಿ ಗೆದ್ದಿತು. ಚೀನಾದ ಯೀಫೆ ಯೆ, ಬ್ರಿಟನ್ನಿನ ಫಿಲ್ ಹ್ಯಾನ್ಸನ್ ಜೊತೆಗಾರರು. ಕೊನೆಯ ಗಂಟೆಗಳಲ್ಲಿ ಸ್ಟೀರಿಂಗ್ ಹಿಡಿದು ಕಾರನ್ನು ಗುರಿ ದಾಟಿಸಿದವರು ಕುಬಿಕಾ.