ಪೂರ್ವದತ್ತಿಯೂ ಸ್ವಾಮ್ಯವೂ: ಅಂತರ್ಜಾಲ ವಿಳಾಸಗಳ ವಿಚಾರ

ಮೊದಲು ಪಡೆದವನೇ ಒಡೆಯನೆಂಬ ವಾದವು ಅಂತರ್ಜಾಲದ ಐ.ಪಿ. ವಿಳಾಸಗಳ ವಿಷಯದಲ್ಲಿಯೂ ಪ್ರಬಲವಾಗಿದೆ. ಪ್ರಾದೇಶಿಕ ನೋಂದಣಿ ಸಂಸ್ಥೆಗಳು 1990ರ ದಶಕದಲ್ಲಿ ಏರ್ಪಡುವುದಕ್ಕೆ ಮುಂಚೆ, ಈ ಸಂಖ್ಯೆಗಳು ಕೇಳಿದವರಿಗೆ ಕರಾರುಪತ್ರವಿಲ್ಲದೆಯೇ ದೊರೆಯುತ್ತಿದ್ದುವು. ನಾಲ್ಕನೆಯ ಆವೃತ್ತಿಯ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಅವುಗಳ ಕೇಂದ್ರಭಂಡಾರವು 2011ರ ಫೆಬ್ರವರಿ 3ರಂದು ಬರಿದಾಯಿತು. ಬಿಟ್ಟಿಯಾಗಿ ಬಂದುದಕ್ಕೆ ಬೆಲೆ ಹುಟ್ಟಿತು. ಅದೇ ವರ್ಷ, ದಿವಾಳಿಯಾಗಿದ್ದ ನಾರ್ಟೆಲ್ ಕಂಪೆನಿಯ 6,66,624 ವಿಳಾಸಗಳು ನ್ಯಾಯಾಲಯದ ಸಮ್ಮತಿಯಿಂದ 75 ಲಕ್ಷ ಡಾಲರಿಗೆ ಮೈಕ್ರೋಸಾಫ್ಟಿನ ಪಾಲಾದುವು.

ಈ ವಾದದ ಬಲಾಬಲಗಳನ್ನು ಅರಿಯಲು ಗುಂಡಗುರ್ತಿಯ ಸೀಮೆಯ ಚರಿತ್ರೆಯೇ ಸಾಕು. ಚಿತ್ತಾಪುರ, ಸೇಡಂ ಪ್ರಾಂತಗಳು 1948ರವರೆಗೆ ನಿಜಾಮರ ರಾಜ್ಯಕ್ಕೆ ಸೇರಿದ್ದುವು. ಆ ರಾಜ್ಯದಲ್ಲಿ ಜಹಗೀರುದಾರನಿಗೆ ಕಂದಾಯವನ್ನು ಅನುಭವಿಸುವ ಹಕ್ಕಿತ್ತೇ ಹೊರತು ಜಹಗೀರನ್ನು ಮಾರುವ ಹಕ್ಕಿರಲಿಲ್ಲ. ವಾರಸಿಕೆಗೂ ಸರ್ಕಾರದ ಮಂಜೂರಾತಿ ಬೇಕಾಗಿತ್ತು. 1949ರಲ್ಲಿ ಜಹಗೀರುಗಳು ರದ್ದಾದಾಗ ದತ್ತಿಯ ಪ್ರಾಚೀನತೆಯು ಅವುಗಳನ್ನು ಕಾಯಲಿಲ್ಲ. ಇದಕ್ಕೆ ಪ್ರತಿಯಾಗಿ, ವಿಜಯನಗರದ ಅನೇಕ ತಾಮ್ರಶಾಸನಗಳು ದತ್ತಭೂಮಿಯು ದಾನಕ್ಕೂ ಆಧಿಗೂ ವಿಕ್ರಯಕ್ಕೂ ಯೋಗ್ಯವೆಂದು ಸ್ಪಷ್ಟವಾಗಿ ಹೇಳುತ್ತವೆ. ಆದುದರಿಂದ ಹಕ್ಕನ್ನು ನಿರ್ಣಯಿಸುವುದು ದತ್ತಿಯ ಕಾಲವಲ್ಲ, ದತ್ತಿಯ ವಾಕ್ಯ.

ಅಂತರ್ಜಾಲದ ಆದ್ಯದತ್ತಿಗಳಲ್ಲಾದರೋ ಆ ವಾಕ್ಯವೇ ಇಲ್ಲ. ಈ ಮೌನವನ್ನು ಉಭಯಪಕ್ಷದವರೂ ತಮಗೆ ಅನುಕೂಲವಾಗಿ ಓದುತ್ತಾರೆ. ನಿಷೇಧವಿಲ್ಲವಾದ್ದರಿಂದ ಮಾರಬಹುದೆಂಬುದು ಪಡೆದವರ ಪಕ್ಷ. ಅದು ದುರ್ಬಲ, ಸಂಖ್ಯೆಗಳನ್ನು ಕೊಟ್ಟುದು ಜಾಲವನ್ನು ಕಟ್ಟುವುದಕ್ಕೆ, ವ್ಯಾಪಾರಕ್ಕಲ್ಲ. 1986ರಲ್ಲಿ ಆರಂಭವಾದ ಎರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಸೇರಿದುದು ವಿದ್ಯಾಪ್ರಯೋಜನಕ್ಕಾಗಿ ಎಂಬುದನ್ನು ಇಲ್ಲಿ ನೆನೆಯಬಹುದು. ಆದರೆ ನೋಂದಣಿ ಸಂಸ್ಥೆಗಳ ಪಕ್ಷವೂ ನಿರ್ದೋಷವಲ್ಲ. ಏಷ್ಯಾ-ಪೆಸಿಫಿಕ್ ಪ್ರಾಂತದ ಏಪ್ನಿಕ್ ಸಂಸ್ಥೆಯು, ಹಳೆಯ ವಿಳಾಸದಾರರು ತನ್ನೊಡನೆ ಖಾತೆ ತೆರೆಯದಿದ್ದರೆ 2023ರಿಂದ ಅವರ ನೋಂದಣಿಯನ್ನು ಪ್ರಕಟಿಸುವುದಿಲ್ಲವೆಂದು ವಿಧಿಸಿತು. ದಾತೃವು ಹಾಕದ ಷರತ್ತನ್ನು ಲೆಕ್ಕ ಬರೆಯುವವನು ಹಾಕಬಹುದೆ? ಪಹಣಿಯಲ್ಲಿ ಹೆಸರು ಬರೆದ ಮಾತ್ರಕ್ಕೆ ರೈತನಿಗೆ ಒಡೆತನ ಸಿದ್ಧಿಸುವುದಿಲ್ಲ. ಅಂತೆಯೇ ಬರೆದ ಮಾತ್ರಕ್ಕೆ ಪಟವಾರಿಯೂ ಹೊಲದ ಒಡೆಯನಾಗುವುದಿಲ್ಲ.

ಹೀಗಿರಲು, ಇಲ್ಲಿ ಯುಕ್ತವಾದ ಪದವು ಸ್ವಾಮ್ಯವಲ್ಲ, ಅನುಭೋಗ. ಬಳಸುತ್ತಿರುವವನ ಅನುಭೋಗಕ್ಕೆ ಭಂಗ ಬರಬಾರದು. ಅದನ್ನು ಪರಾಧೀನ ಮಾಡುವಾಗ ಸಾರ್ವಜನಿಕ ದಾಖಲೆ ತಪ್ಪಬಾರದು. ದತ್ತಿಯ ಮೌನವು ಇದಕ್ಕಿಂತ ಹೆಚ್ಚಿನದನ್ನು ಯಾರಿಗೂ ಕೊಟ್ಟಿಲ್ಲ.